ತಗ್ಗಾದ ಸ್ಪೋರ್ಟ್ಸ್ ಕಾರು ಮತ್ತು ನಮ್ಮ ರಸ್ತೆಯ ಉಬ್ಬು: ತಳ ಎತ್ತರಿಸುವ ನಾಲ್ಕು ದಾರಿಗಳ ಹೋಲಿಕೆ

ಇಬ್ಬರು ಕುಳಿತು, ಟ್ಯಾಂಕ್ ತುಂಬಿಸಿದ ಸ್ಥಿತಿಯಲ್ಲಿ ನನ್ನ 981 ಮಾದರಿಯ ಪೋರ್ಷೆ ಕೇಮನ್ ಕಾರಿನ ತಳದ ಅತ್ಯಂತ ತಗ್ಗಿನ ಭಾಗ ನೆಲದಿಂದ 118 ಮಿಲಿಮೀಟರ್ ಎತ್ತರದಲ್ಲಿತ್ತು. ನಿಯಮದಂತೆ ಕಟ್ಟಿದ ರಸ್ತೆ ಉಬ್ಬಿಗೆ ಇಷ್ಟು ಎತ್ತರ ಧಾರಾಳವಾಗಿ ಸಾಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾನದಂಡದ 1988ರ ಆವೃತ್ತಿ ಹೇಳಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಮತ್ತು 17 ಮೀಟರ್ ತ್ರಿಜ್ಯದ ಸೌಮ್ಯವಾದ ಕಮಾನು. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2475 ಮಿಲಿಮೀಟರ್ ಆದ್ದರಿಂದ ನಾಲ್ಕೂ ಚಕ್ರಗಳು ಆ ಕಮಾನಿನ ಮೇಲಿರುವಾಗ ಉಬ್ಬಿನ ನೆತ್ತಿ ತಳದತ್ತ ಏರುವುದು ಸುಮಾರು 45 ಮಿಲಿಮೀಟರ್ ಮಾತ್ರ. ಆದರೆ ಬೆಂಗಳೂರಿನ ನಮ್ಮ ಬೀದಿಯ ಉಬ್ಬು ಒಂದು ಮೀಟರ್ ಅಗಲವಿದ್ದು, 13 ಸೆಂಟಿಮೀಟರ್ ಎತ್ತರವಿದೆ. ಅದು ಇಡಿಯಾಗಿ ಎರಡು ಜೊತೆ ಚಕ್ರಗಳ ನಡುವೆ ಹೊಕ್ಕು ನಿಲ್ಲುವುದರಿಂದ ತಳ ಉಜ್ಜದೆ ದಾಟುವುದು ಸಾಧ್ಯವೇ ಇರಲಿಲ್ಲ. ಈ ಒಂದು ಉಬ್ಬನ್ನೇ ಪರೀಕ್ಷೆಯ ಕಣವಾಗಿಸಿಕೊಂಡು, ತಳಕ್ಕೆ ಜೇಡಿಮಣ್ಣಿನ ಉಂಡೆಗಳನ್ನು ಅಂಟಿಸಿ, ಅವು ಎಷ್ಟು ಚಪ್ಪಟೆಯಾಗುತ್ತವೆ ಎಂಬುದನ್ನು ಪ್ರತಿ ಬದಲಾವಣೆಯ ನಂತರವೂ ಅಳೆದೆ.

ಮೊದಲು ಹಾಕಿಸಿದ್ದು ಸ್ಪ್ರಿಂಗಿನ ಸುತ್ತುಗಳ ನಡುವೆ ತೂರಿಸುವ ರಬ್ಬರ್ ಬಫರ್. ಇದು ಅಗ್ಗ; ಅರ್ಧ ದಿನದ ಕೆಲಸ; ನಿಂತ ಕಾರು 15 ಮಿಲಿಮೀಟರ್ ಮೇಲೆದ್ದಿತು. ಆದರೆ ರಬ್ಬರ್ ಹಿಡಿದಿಟ್ಟ ಸುತ್ತು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಮತ್ತು ಐದು ಸುತ್ತು ದುಡಿಯುವಲ್ಲಿ ನಾಲ್ಕೇ ದುಡಿದರೆ ಸ್ಪ್ರಿಂಗ್ ಕಾಲು ಭಾಗದಷ್ಟು ಬಿಗಿಯಾಗುತ್ತದೆ. ಕಿತ್ತುಹೋದ ಕಾಂಕ್ರೀಟಿನ ಮೇಲೆ ಚಕ್ರಗಳು ನೆಲ ಬಿಟ್ಟು ಕುಣಿಯತೊಡಗಿದವು. ಮೂರು ತಿಂಗಳಲ್ಲಿ ಒಂದು ಬಫರ್ ತನ್ನ ಜಾಗದಿಂದ ಜರುಗಿತ್ತು. ಸ್ಪ್ರಿಂಗಿನ ಒಂದೇ ಕಡೆ ಒತ್ತಡ ಬಿದ್ದು ಅದು ಮುರಿಯುವ ಭಯವೂ ಇದ್ದುದರಿಂದ ಎಲ್ಲವನ್ನೂ ತೆಗೆಸಿದೆ. ಇದನ್ನು ಯಾರಿಗೂ ಸೂಚಿಸಲಾರೆ.

ಎರಡನೆಯದು ಟಯರ್. ಅದರ ಅಳತೆಯಲ್ಲಿ ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಎಷ್ಟು ಪ್ರತಿಶತ ಟಯರಿನ ಪಕ್ಕದ ಗೋಡೆಯ ಎತ್ತರ ಎಂಬುದು. ಮುಂದೆ 235/45 ಇದ್ದಲ್ಲಿ 235/50, ಹಿಂದೆ 265/45 ಇದ್ದಲ್ಲಿ 265/50 ಹಾಕಿದಾಗ, 18 ಇಂಚಿನ ರಿಮ್ ಹಾಗೆಯೇ ಉಳಿದು, ಮುಂದೆ ಸುಮಾರು 12 ಮಿಲಿಮೀಟರ್, ಹಿಂದೆ 13 ಮಿಲಿಮೀಟರ್ ಎತ್ತರ ಸಿಕ್ಕಿತು. ಸಸ್ಪೆನ್ಷನ್ನಿನ ತೋಳುಗಳೂ ಸೇರಿ ಇಡೀ ಕಾರು ಮೇಲೇಳುವುದು ಇದೊಂದರಲ್ಲೇ, ಸವಾರಿಯೂ ಮೃದುವಾಯಿತು. ಆದರೆ ಚಕ್ರದ ಸುತ್ತಳತೆ ಮೂರೂವರೆಯಿಂದ ನಾಲ್ಕು ಪ್ರತಿಶತದಷ್ಟು ಹೆಚ್ಚಿದ್ದರಿಂದ ಸ್ಪೀಡೋಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸತೊಡಗಿತು, ಪ್ರತಿ ಗೇರಿನಲ್ಲೂ ಎಳೆತ ತುಸು ಕುಗ್ಗಿದಂತೆ ಎನಿಸಿತು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜಿತು. ಜೇಡಿಮಣ್ಣು ಇನ್ನೂ ಚಪ್ಪಟೆಯಾಗುತ್ತಲೇ ಇತ್ತು.

ನನಗೆ ಹಿಡಿಸಿದ್ದು ಮೂರನೆಯದು: ನಾಲ್ಕೂ ಸ್ಟ್ರಟ್‌ಗಳ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬಗಳ) ನೆತ್ತಿಗೆ, ಅಂದರೆ ಸ್ಟ್ರಟ್ ಕಾರಿನ ದೇಹಕ್ಕೆ ಬೋಲ್ಟ್ ಆಗುವ ಜಾಗದಲ್ಲಿ, 20 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಸ್ಪೇಸರ್, ಅಂದರೆ ನಡುವೆ ಇಡುವ ದಪ್ಪ ಬಿಲ್ಲೆ. ಈ ಕಾರಿನಲ್ಲಿ ಮುಂದೆಯೂ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ನೇರವಾಗಿ ಚಕ್ರದ ಜೋಡಣೆಗೇ ಕೂರುವ ಸ್ಟ್ರಟ್, ಇರುವುದರಿಂದ ಸ್ಪೇಸರಿನ ದಪ್ಪವೆಲ್ಲ ಹೆಚ್ಚುಕಡಿಮೆ ಹಾಗೆಯೇ ಎತ್ತರವಾಗಿ ಸಿಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತಳ ಅತಿ ಹೆಚ್ಚು ಉಜ್ಜುವುದು ಕಾರು ನಿಂತಾಗ ಅಲ್ಲ, ಮುಂದಿನ ಚಕ್ರಗಳು ಉಬ್ಬಿನಿಂದ ಕೆಳಗಿಳಿದು ಸ್ಪ್ರಿಂಗ್ ಕುಗ್ಗಿದ ಕ್ಷಣದಲ್ಲಿ. ರಬ್ಬರ್ ಬಫರ್ ನಿಂತ ಎತ್ತರವನ್ನು ಬದಲಿಸುತ್ತದೆಯೇ ಹೊರತು ಸ್ಪ್ರಿಂಗ್ ಪೂರ್ತಿ ಕುಗ್ಗಿ ಬಂಪ್ ಸ್ಟಾಪಿಗೆ (ಕುಗ್ಗುವಿಕೆಯನ್ನು ಕೊನೆಯಲ್ಲಿ ತಡೆಯುವ ಮೆತ್ತೆಗೆ) ತಾಗುವ ಮಟ್ಟವನ್ನಲ್ಲ. ನೆತ್ತಿಯ ಸ್ಪೇಸರ್ ಇಡೀ ಸ್ಟ್ರಟ್ಟನ್ನು ಕೆಳಕ್ಕೆ ಸರಿಸುವುದರಿಂದ ಆ ಕೊನೆಯ ಮಟ್ಟವೂ 20 ಮಿಲಿಮೀಟರ್ ಮೇಲೇರುತ್ತದೆ. ಸ್ಪ್ರಿಂಗಿನ ಗುಣವಂತೂ ಬದಲಾಗುವುದಿಲ್ಲ. ನಡಿಗೆಯ ವೇಗದಲ್ಲಿ ದಾಟಿದಾಗ ಉಂಡೆಗಳ ಮೇಲೆ ಗೀರೂ ಬಿದ್ದಿರಲಿಲ್ಲ. ಅದನ್ನು ನೋಡಿದ ದಿನದ ಸಂತೋಷ ಈಗಲೂ ನೆನಪಿದೆ.

ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ತಿರುಗಿರುವ) ಮತ್ತು ಕ್ಯಾಂಬರ್ (ಮುಂದಿನಿಂದ ನೋಡಿದಾಗ ವಾಲಿರುವ) ಕೋನಗಳು ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದೆ ಓಡಿಸಬಾರದು. ಹಿಂದಿನ ಚಕ್ರಗಳನ್ನು ತಿರುಗಿಸುವ ಡ್ರೈವ್ ಶಾಫ್ಟ್‌ಗಳ ಜಾಯಿಂಟುಗಳು ಹೆಚ್ಚು ಓರೆಯಲ್ಲಿ ತಿರುಗುವುದರಿಂದ 20 ಮಿಲಿಮೀಟರಿಗಿಂತ ದಪ್ಪದ ಸ್ಪೇಸರಿಗೆ ನಾನು ಮನಸ್ಸು ಮಾಡಲಿಲ್ಲ. ಸಕಲೇಶಪುರದ ಘಾಟಿಯ ತಿರುವುಗಳಲ್ಲಿ ಕಾರು ಮೊದಲಿಗಿಂತ ತುಸು ಹೆಚ್ಚು ವಾಲುತ್ತದೆ. ವಿಮಾ ಕಂಪನಿಗೆ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿದ್ದೇನೆ.

ನಾಲ್ಕನೆಯದಾದ ಗಾಳಿಯ ಲಿಫ್ಟನ್ನು ಅದೇ ಮಾದರಿಯ ಸ್ನೇಹಿತರ ಕಾರಿನಲ್ಲಿ ಒಂದು ವಾರ ಬಳಸಿ ನೋಡಿದೆ. ಗುಂಡಿ ಒತ್ತಿದರೆ ಮುಂಭಾಗ ಕೆಲವೇ ಸೆಕೆಂಡುಗಳಲ್ಲಿ 40 ಮಿಲಿಮೀಟರ್ ಏಳುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿನಲ್ಲಿ ಮೂತಿ ಉಳಿಸಲು ಇದಕ್ಕೆ ಸಾಟಿಯಿಲ್ಲ. ಆದರೆ ಮುಂಭಾಗ 40 ಎದ್ದರೆ ಕಾರಿನ ನಡುಭಾಗ ಏಳುವುದು 20 ಮಾತ್ರ, ಹಿಂದಕ್ಕೆ ಹೋದಂತೆ ಇನ್ನೂ ಕಡಿಮೆ. ಕಂಪ್ರೆಸರ್ ಮತ್ತು ಟ್ಯಾಂಕ್ ಮುಂದಿನ ಡಿಕ್ಕಿಯ ಜಾಗ ನುಂಗುತ್ತವೆ, ಖರ್ಚು ಮೊದಲ ಮೂರನ್ನು ಕೂಡಿಸಿದರೂ ಮೀರುತ್ತದೆ, ಗುರುತು ಬಳಿಯದ ಉಬ್ಬು ರಾತ್ರಿ ಮಳೆಯಲ್ಲಿ ಎದುರಾದಾಗ ಗುಂಡಿ ಒತ್ತಲು ಸಮಯವೇ ಸಿಗುವುದಿಲ್ಲ. 2020ರ ಷೆವ್ರೊಲೆ ಕಾರ್ವೆಟ್‌ನ ಲಿಫ್ಟ್ ಜಿಪಿಎಸ್ ಮೂಲಕ 1000 ಸ್ಥಳಗಳವರೆಗೆ ನೆನಪಿಟ್ಟುಕೊಂಡು ತಾನೇ ಏಳುತ್ತದೆ. ಹೊರಗಿನಿಂದ ತಂದು ಕೂರಿಸಿದ ಈ ಲಿಫ್ಟಿನಲ್ಲಿ ಆ ಸೌಲಭ್ಯವಿರಲಿಲ್ಲ.

ಹೀಗಾಗಿ ನನ್ನ ಕಾರು ಈಗ ಮೂಲ ಅಳತೆಯ ಟಯರ್ ಮತ್ತು ನಾಲ್ಕು ಸ್ಪೇಸರ್‌ಗಳ ಮೇಲೆ ಓಡುತ್ತಿದೆ. ನೆಲಮಾಳಿಗೆಯಿಂದ ಹೊರಬರುವಾಗ ಮೂತಿಯ ತುದಿ ಇನ್ನೂ ತಾಗುತ್ತದೆಯಾದ್ದರಿಂದ, ಇಳಿಜಾರು ಶುರುವಾಗುವಲ್ಲಿ ಕಾರನ್ನು ಓರೆಯಾಗಿಸಿ, ಒಂದೊಂದೇ ಚಕ್ರವನ್ನು ಹತ್ತಿಸುತ್ತೇನೆ.