ಟ್ರಿಯೆಸ್ಟೆಯ ಡಿಪ್ಲೊಮಾ, ಆಫ್ರಿಕಾದ ಸ್ನಾತಕೋತ್ತರ ಶಿಕ್ಷಣ: ಯಾವುದು ಯಾರಿಗೆ?

ಗಣಿತದಲ್ಲೋ ಭೌತವಿಜ್ಞಾನದಲ್ಲೋ ಪದವಿ ಮುಗಿಸಿ ಸಂಶೋಧನೆಯತ್ತ ಹೊರಟ ಆಫ್ರಿಕಾದ ಯುವಜನರ ಮುಂದೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರು 1964ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ; ಇನ್ನೊಂದು, ಭೌತವಿಜ್ಞಾನಿ ನೀಲ್ ಟ್ಯುರಾಕ್ ಅವರು 2003ರಲ್ಲಿ ಕೇಪ್‌ಟೌನ್‌ನಲ್ಲಿ ಆರಂಭಿಸಿ, ಮುಂದೆ ಸೆನೆಗಲ್, ಘಾನಾ, ಕ್ಯಾಮರೂನ್, ರುವಾಂಡಾಗಳಿಗೂ ವಿಸ್ತರಿಸಿದ ಆಫ್ರಿಕನ್ ಗಣಿತ ವಿಜ್ಞಾನಗಳ ಸಂಸ್ಥೆಯ ಸ್ನಾತಕೋತ್ತರ ಶಿಕ್ಷಣ. ವಿದ್ಯಾರ್ಥಿವೇತನ ಎರಡರಲ್ಲೂ ಉಂಟು.

ವ್ಯತ್ಯಾಸವಿರುವುದು ಕಲಿಕೆಯ ರೀತಿಯಲ್ಲಿ. ಟ್ರಿಯೆಸ್ಟೆಯಲ್ಲಿ ವಿದ್ಯಾರ್ಥಿಯು ಸಾಂದ್ರದ್ರವ್ಯ ಭೌತವಿಜ್ಞಾನ (ಘನ, ದ್ರವ ವಸ್ತುಗಳ ಗುಣಗಳ ಅಧ್ಯಯನ), ಗಣಿತ, ಭೂವ್ಯವಸ್ಥೆಯ ಭೌತವಿಜ್ಞಾನದಂತಹ (ಹವಾಮಾನ, ಭೂಗರ್ಭ ಮುಂತಾದವುಗಳ ಅಧ್ಯಯನ) ಒಂದೇ ವಿಭಾಗವನ್ನು ಆರಿಸಿಕೊಂಡು, ತರಗತಿಗಳ ನಂತರ ಪ್ರೌಢಪ್ರಬಂಧ ಬರೆದು, ಪಿಎಚ್‌.ಡಿ.ಗೆ ಸಜ್ಜಾಗುತ್ತಾನೆ ಅಥವಾ ಸಜ್ಜಾಗುತ್ತಾಳೆ. ಆಫ್ರಿಕನ್ ಸಂಸ್ಥೆಯಲ್ಲಾದರೋ ನಾನಾ ದೇಶಗಳ ಪ್ರಾಧ್ಯಾಪಕರು ಕೆಲವೇ ವಾರಗಳ ಪಾಠಗಳಿಗಾಗಿ ಬಂದು ಹೋಗುತ್ತಾರೆ. ಕಲಿಕೆ ವಸತಿಸಹಿತವಾದುದರಿಂದ ಚರ್ಚೆ ತರಗತಿಗೆ ಸೀಮಿತವಾಗದು, ಮತ್ತು ಗಣಕ ಬಳಸಿ ಸಮಸ್ಯೆ ಬಿಡಿಸುವುದಕ್ಕೆ ವಿಶೇಷ ಒತ್ತು ಇದೆ. ನನ್ನ ದೃಷ್ಟಿಯಲ್ಲಿ ಇದೇ ಅದರ ದೊಡ್ಡ ಬಲ.

ವಿಷಯವನ್ನು ಆಗಲೇ ನಿರ್ಧರಿಸಿಕೊಂಡವರಿಗೆ ಟ್ರಿಯೆಸ್ಟೆ ಸೂಕ್ತ. ಆಯ್ಕೆ ಇನ್ನೂ ಖಚಿತವಾಗಿರದವರಿಗೆ, ಅನ್ವಯಿಕ ಗಣಿತದ ಒಲವುಳ್ಳವರಿಗೆ ಎರಡನೆಯದನ್ನೇ ನಾನು ಸೂಚಿಸುವೆ. ಡಿಪ್ಲೊಮಾ ಸ್ನಾತಕೋತ್ತರ ಪದವಿಯಲ್ಲವಾದ್ದರಿಂದ, ಮುಂದೆ ಸೇರಬಯಸುವ ವಿಶ್ವವಿದ್ಯಾಲಯವು ಅದನ್ನು ಹೇಗೆ ಪರಿಗಣಿಸುತ್ತದೆಂದು ಅರ್ಜಿ ಹಾಕುವ ಮೊದಲೇ ವಿಚಾರಿಸಬೇಕು.