ತರಗತಿಗೆ ಮುನ್ನ ಬೆಟ್ಟ: ಅಮೆರಿಕದ ಕಾಲೇಜುಗಳ ಹೊಸಬರ ಚಾರಣ

ಅಮೆರಿಕದ ಹಲವು ಕಾಲೇಜುಗಳು ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳನ್ನು, ತರಗತಿಗಳು ಆರಂಭವಾಗುವ ಮೊದಲೇ, ಬೆನ್ನಿಗೆ ಚೀಲ ಹೊರಿಸಿ ಕೆಲವು ದಿನಗಳ ಮಟ್ಟಿಗೆ ಕಾಡುಬೆಟ್ಟಗಳಿಗೆ ಕರೆದೊಯ್ಯುತ್ತವೆ. ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಈ ಪದ್ಧತಿ 1935ರಿಂದಲೂ ಇದೆ. ಪ್ರಿನ್ಸ್‌ಟನ್ 1974ರಲ್ಲಿ, ಹಾರ್ವರ್ಡ್ 1979ರಲ್ಲಿ, ಯೇಲ್ 1984ರಲ್ಲಿ ಇಂಥ ಚಾರಣಗಳನ್ನು ಆರಂಭಿಸಿದವು. ನಮ್ಮ ಮಗಳು ಮೈಸೂರಿನಿಂದ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಒಂದು ಕಾಲೇಜಿಗೆ ಸೇರಿದಾಗ ಅಲ್ಲಿಯ ಚಾರಣಕ್ಕೂ ಹೆಸರು ಕೊಟ್ಟಳು. ಕಾಲೇಜಿನ ಹೆಸರು ಇಲ್ಲಿ ಅಷ್ಟು ಮುಖ್ಯವಲ್ಲ. ಶುಲ್ಕ ಕಟ್ಟಿ, ಸಾವಿರಾರು ಮೈಲಿ ದೂರದಲ್ಲಿ ಕುಳಿತು ಸುದ್ದಿಗಾಗಿ ಕಾಯುವ ಹೆತ್ತವರ ದೃಷ್ಟಿಯಿಂದ ಈ ಸೇವೆ ಹೇಗಿತ್ತು ಎಂಬುದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು ತಂಡದ ಮುಂದಾಳುಗಳು. ಎಂಟು ಹತ್ತು ಮಂದಿ ಹೊಸಬರ ಪ್ರತಿ ತಂಡಕ್ಕೂ ಇಬ್ಬರು ಮುಂದಾಳುಗಳಿದ್ದರು, ಇಬ್ಬರೂ ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿಗಳೇ. ಸಂಬಳಕ್ಕೆ ಬರುವ ಗೈಡ್ ದಾರಿಯನ್ನು ಇವರಿಗಿಂತ ಚೆನ್ನಾಗಿ ಬಲ್ಲವನಾಗಿರಬಹುದು. ಆದರೆ ಯಾವ ಪ್ರಾಧ್ಯಾಪಕರ ತರಗತಿಗೆ ಮುಂಚಿತವಾಗಿ ಹೆಸರು ಬರೆಸಬೇಕು, ಊರ ನೆನಪು ಕಾಡಿದರೆ ಯಾರ ಬಾಗಿಲು ತಟ್ಟಬೇಕು, ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ, ಕಳೆದ ವರ್ಷವಷ್ಟೇ ಅವನ್ನೆಲ್ಲ ಅನುಭವಿಸಿದವರು ಕೊಡುವಂಥ ಉತ್ತರವನ್ನು ಅವನು ಕೊಡಲಾರ. ಹಾಗೆಂದು ಸುರಕ್ಷತೆಯನ್ನು ಹುಡುಗಾಟಿಕೆಗೆ ಬಿಟ್ಟಿರಲಿಲ್ಲ. ಮುಂದಾಳುಗಳಿಗೆ ಕಾಡಿನಲ್ಲಿ ಪ್ರಥಮ ಚಿಕಿತ್ಸೆ ನೀಡುವ ತರಬೇತಿಯಾಗಿತ್ತು. ಇದರ ಮೊದಲ ಹಂತವೇ ಸುಮಾರು 16 ಗಂಟೆಗಳದ್ದು, ಮೇಲಿನ ಹಂತಕ್ಕೆ 70 ಗಂಟೆಗಳಿಗೂ ಹೆಚ್ಚು ಬೇಕು. ಹೆಸರು ಕೊಡುವ ಮುನ್ನ ನಿಮ್ಮ ಕಾಲೇಜಿನ ಮುಂದಾಳುಗಳು ಯಾವ ಹಂತ ಮುಗಿಸಿದ್ದಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ವಾರಾಂತ್ಯದಲ್ಲಿ ಹೋಗಿ ಬಂದವರು ಇದನ್ನೂ ಅದೇ ಲೆಕ್ಕದಲ್ಲಿ ನೋಡಬಾರದು. ದಾರಿಯಲ್ಲಿ ಭಟ್ಟರ ಮನೆಯ ಅನ್ನ ಸಾರು ಇರುವುದಿಲ್ಲ, ಮುಂದೆ ಹೋಗಿ ಟೆಂಟ್ ಹಾಕಿಡುವ ಆಳುಗಳೂ ಇರುವುದಿಲ್ಲ. ಒಲೆ, ಪಾತ್ರೆ, ಟೆಂಟ್, ದಿನಸಿ ಎಲ್ಲವನ್ನೂ ತಂಡದವರೇ ಹಂಚಿಕೊಂಡು ಹೊರಬೇಕು. ಹೊಳೆಯ ನೀರನ್ನು ಶುದ್ಧೀಕರಿಸಿಯೇ ಕುಡಿಯಬೇಕು. ಮಲವಿಸರ್ಜನೆಗೆ ನೀರಿನಿಂದಲೂ ಕಾಲುದಾರಿಯಿಂದಲೂ 200 ಅಡಿ ದೂರ ಹೋಗಿ, ಸಣ್ಣ ಸಲಿಕೆಯಿಂದ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ, ಬಳಿಕ ಮಣ್ಣು ಮುಚ್ಚಬೇಕು. ಮಗಳು ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಜಿದ್ದಳು. ಮುಂದಾಳುಗಳು ಮೊದಲ ದಿನವೇ ಎಲ್ಲರ ಎದುರಿಗೆ, ನಗುನಗುತ್ತಾ, ಹೇಗೆ ಕೂರಬೇಕು ಎಂಬುದನ್ನೂ ನಟಿಸಿ ತೋರಿಸಿದ ಮೇಲೆ ಸಂಕೋಚ ಅಲ್ಲಿಗೇ ಮುಗಿಯಿತಂತೆ.

ಕರಡಿಗಳಿರುವ ಕಾಡಾದ್ದರಿಂದ ವಾಸನೆ ಬರುವ ಯಾವ ವಸ್ತುವನ್ನೂ ರಾತ್ರಿ ಟೆಂಟಿನೊಳಗೆ ಇಟ್ಟುಕೊಳ್ಳುವಂತಿಲ್ಲ. ನಾನು ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣವೂ ಹತ್ತು ಜನರ ಟೂತ್‌ಪೇಸ್ಟ್‌ಗಳೊಂದಿಗೆ ಒಂದೇ ಚೀಲ ಸೇರಿ, ಹಗ್ಗದ ತುದಿಯಲ್ಲಿ ಮರದ ಕೊಂಬೆಯಿಂದ ನೇತಾಡಿತು. ಬೆಳಿಗ್ಗೆ ಇಳಿಸಿದಾಗ ಇಡೀ ಚೀಲ ಬೆಳ್ಳುಳ್ಳಿಯ ಘಮ ಹೊಡೆಯುತ್ತಿತ್ತಂತೆ. ಅಂದಿನಿಂದ ಓಟ್ಸ್ ಗಂಜಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ತಂಡದವರು ಅದನ್ನೇ ಉದುರಿಸಿಕೊಂಡು ತಿಂದರು ಎಂದು ಕೇಳಿ ನನಗೆ ಸಂತೋಷವಾಗದೆ ಇರಲಿಲ್ಲ.

ಆದರೆ ಊಟದ ವಿಷಯದಲ್ಲಿ ಕಾಲೇಜಿನವರ ಅಜಾಗರೂಕತೆಯನ್ನು ಹೇಳದೆ ಬಿಡಲಾಗದು. ಅರ್ಜಿಯಲ್ಲಿ ಸಸ್ಯಾಹಾರ ಎಂದು ಸ್ಪಷ್ಟವಾಗಿ ಗುರುತು ಮಾಡಿದ್ದರೂ, ಒಂದು ರಾತ್ರಿಯ ನೂಡಲ್ಸ್‌ಗೆ ಹಾಕಲು ಕೊಟ್ಟಿದ್ದ ಸಾರಿನ ಪುಡಿಯಲ್ಲಿ ಕೋಳಿಯ ಅಂಶವಿತ್ತು. ಲಕೋಟೆಯ ಮೇಲಿನ ಸಣ್ಣ ಅಕ್ಷರಗಳನ್ನು ಮಗಳೇ ಓದಿ ಪತ್ತೆಹಚ್ಚಿದ್ದರಿಂದ ಆಕೆ ಆ ರಾತ್ರಿ ಬ್ರೆಡ್ಡು ಮತ್ತು ಶೇಂಗಾ ಬೆಣ್ಣೆಯಲ್ಲಿ ಮುಗಿಸಿದಳು. ಮಾಂಸದ ತುಂಡು ಕಾಣದಿದ್ದರೆ ಅದು ಸಸ್ಯಾಹಾರ ಎಂದು ತಿಳಿಯುವ ಈ ಅಭ್ಯಾಸ ನೂರಾರು ಜನರಿಗೆ ಅಡುಗೆ ಸಾಮಾನು ಕಟ್ಟುವ ಒಂದು ಕಚೇರಿಗೆ ಶೋಭೆ ತರುವಂಥದ್ದಲ್ಲ. ನಿಮ್ಮ ಮಕ್ಕಳು ಹೋಗುವುದಾದರೆ ಮೊಟ್ಟೆ, ಜೆಲಟಿನ್ ಮತ್ತು ಮಾಂಸದ ಸಾರಿನ ವಿಚಾರವನ್ನು ಬಿಡಿಬಿಡಿಯಾಗಿ ಇಮೇಲ್‌ನಲ್ಲಿ ಬರೆದು ತಿಳಿಸಿ.

ಎರಡನೆಯ ದೂರು ಸಾಮಾನುಗಳ ಪಟ್ಟಿಯದು. ಬೆನ್ನುಚೀಲ, ಸ್ಲೀಪಿಂಗ್ ಬ್ಯಾಗ್, ಮಳೆಯ ಅಂಗಿಗಳನ್ನು ಕಾಲೇಜೇ ಎರವಲು ಕೊಟ್ಟಿತು; ಅದು ದೊಡ್ಡ ಉಪಕಾರವೇ. ಬೂಟುಗಳನ್ನು ಮಾತ್ರ ನಾವೇ ಕೊಳ್ಳಬೇಕಿತ್ತು. ಹೊಸ ಬೂಟನ್ನು ಕೆಲವು ವಾರ ತೊಟ್ಟು ನಡೆದು ಪಳಗಿಸಿಕೊಳ್ಳಬೇಕೆಂದು ಪಟ್ಟಿಯಲ್ಲಿ ಬರೆದವರು, ಆ ಪಟ್ಟಿಯನ್ನು ಕಳಿಸಿದ್ದು ವಿಮಾನ ಹತ್ತಲು ವಾರವೊಂದಿದ್ದಾಗ. ಫಲವಾಗಿ ಎರಡನೆಯ ದಿನವೇ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದವು. ಹತ್ತಿಯ ಬಟ್ಟೆ ಕೂಡದು ಎಂಬ ಸೂಚನೆಯಂತೂ, ಹತ್ತಿಗಿಂತ ಮೈಗೆ ಹಿತವಾದದ್ದಿಲ್ಲವೆಂದು ನಂಬಿ ಬೆಳೆದ ನಮಗೆ ಮೊದಲಿಗೆ ವಿಚಿತ್ರವಾಗಿಯೇ ಕಂಡಿತು. ಆದರೆ ಅದು ಸರಿಯಾದ ಸೂಚನೆ: ಬೆವರಿಗೋ ಮಳೆಗೋ ನೆನೆದ ಹತ್ತಿ ಬೇಗ ಒಣಗದೆ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ, ಮತ್ತು ಆ ಸೀಮೆಯ ಬೆಟ್ಟಗಳ ನೆತ್ತಿಯಲ್ಲಿ ಆಗಸ್ಟ್ ತಿಂಗಳಲ್ಲೂ ಚಳಿ ಕೊರೆಯುವುದುಂಟು. 6,288 ಅಡಿ ಎತ್ತರದ ಮೌಂಟ್ ವಾಷಿಂಗ್ಟನ್ ಮೇಲೆ 1934ರಲ್ಲಿ ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿತ್ತು ಎಂದರೆ ಅಲ್ಲಿಯ ಹವೆ ಎಂಥದ್ದೆಂದು ಊಹಿಸಬಹುದು.

ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದಾಗಿ ಪರಿಚಿತವಾದ ಉಣುಗಿನ ಕಾಟ ಅಲ್ಲಿಯೂ ಇದೆ. ಅಲ್ಲಿಯ ಉಣುಗು ಹರಡುವುದು ಲೈಮ್ ಎಂಬ ರೋಗವನ್ನು. ಕಚ್ಚಿದ ಉಣುಗನ್ನು 24 ಗಂಟೆಯೊಳಗೆ ಕಿತ್ತರೆ ಸೋಂಕಿನ ಸಂಭವ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿ ಸಂಜೆ ಮೈಯೆಲ್ಲ ಪರೀಕ್ಷಿಸಿಕೊಳ್ಳುವುದನ್ನು ಮುಂದಾಳುಗಳು ಕಡ್ಡಾಯ ಮಾಡಿದ್ದರು, ಒಂದು ದಿನವೂ ತಪ್ಪಿಸಲಿಲ್ಲ.

ಮೊಬೈಲ್‌ಗಳನ್ನು ಹೊರಡುವಾಗಲೇ ಪಡೆದು ಎತ್ತಿಟ್ಟಿದ್ದರು. ಅದು ಸರಿಯೇ ಎಂದು ಈಗಲೂ ಭಾವಿಸುತ್ತೇನೆ, ಆದರೆ ತುರ್ತಿನಲ್ಲಿ ಹೆತ್ತವರು ಕರೆ ಮಾಡಬಹುದಾದ ಸಂಖ್ಯೆಯನ್ನು ನಾವು ಕೇಳಿ ಪಡೆಯಬೇಕಾಗಿ ಬಂದದ್ದು ಸರಿಯಲ್ಲ.

ಭಾರತದಿಂದ ಹೋಗುವವರು ದಿನಾಂಕಗಳನ್ನು ಮೊದಲೇ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ, ಕಾಲೇಜು ಕಳಿಸುವ ಐ-20 ಎಂಬ ಪ್ರವೇಶ ಪತ್ರದಲ್ಲಿ ನಮೂದಾದ ಆರಂಭದ ದಿನಕ್ಕಿಂತ 30 ದಿನ ಮುಂಚೆಯಷ್ಟೇ ಅಮೆರಿಕವನ್ನು ಪ್ರವೇಶಿಸಬಹುದು. ಚಾರಣ ಸಾಮಾನ್ಯವಾಗಿ ಈ ಅವಧಿಯೊಳಗೇ ಬರುತ್ತದೆ. ಹಾಸ್ಟೆಲ್ ಕೋಣೆ ಅಷ್ಟು ಬೇಗ ಸಿಗುತ್ತದೆಯೇ, ಕಾಲೇಜಿನ ಆರೋಗ್ಯ ವಿಮೆ ಆ ಹೊತ್ತಿಗೆ ಜಾರಿಯಲ್ಲಿರುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಂಡೇ ಟಿಕೆಟ್ ಮಾಡಿಸಿ. ಶುಲ್ಕ ಭಾರವೆನಿಸಿದರೆ ವಿನಾಯಿತಿಗೆ ಅರ್ಜಿ ಹಾಕಲು ಹಿಂಜರಿಯಬೇಡಿ; ಆರ್ಥಿಕ ನೆರವು ಪಡೆಯುವ ವಿದ್ಯಾರ್ಥಿಗಳಿಗೆ ಹಲವು ಕಾಲೇಜುಗಳು ಇದರಲ್ಲೂ ರಿಯಾಯಿತಿ ಕೊಡುತ್ತವೆ. ಭಾರ ಹೊರಲಾಗದ, ಮಂಡಿನೋವಿರುವ ಮಕ್ಕಳಿಗೆ ದೋಣಿಯಾನ, ತೋಟದ ಕೆಲಸ, ಒಂದೇ ಕಡೆ ತಂಗುವ ಶಿಬಿರ ಮೊದಲಾದ ಬದಲಿ ಆಯ್ಕೆಗಳಿರುವುದೂ ಉಂಟು. ಅವುಗಳಲ್ಲಿ ಸ್ಥಳ ಬೇಗ ಭರ್ತಿಯಾಗುವ ಕಾರಣ ಪ್ರವೇಶ ಖಚಿತವಾದ ಕೂಡಲೇ ವಿಚಾರಿಸಬೇಕು.