990 ಗ್ರಾಮಿನ ಬೂಟು, ಚಪ್ಪಲಿಯಲ್ಲಿ ಬೆಳೆದ ಕಾಲು

ಬೂಟು ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ಸ್ಕಾರ್ಪಾ ಕಂಪನಿಯ ಎಫ್1 ಎಲ್‌ಟಿ, ಹಿಮದ ಬೆಟ್ಟ ಹತ್ತಿ ಇಳಿಯುವವರ ಹಗುರ ಸ್ಕೀ ಬೂಟು. ಎರಡು ಸೀಸನ್ ಹಾಕಿದ್ದೇನೆ, ಮುಂದೆಯೂ ಇದನ್ನೇ ಹಾಕುತ್ತೇನೆ. ಆದರೆ ಡಬ್ಬಿಯಿಂದ ಹೊರಗೆ ತೆಗೆದ ದಿನ ಇದು ನನ್ನ ಬೂಟಾಗಿರಲಿಲ್ಲ. ಆಗಲಿಕ್ಕೆ ಎರಡು ತಿಂಗಳು, ಇಬ್ಬರು ಬೂಟ್ ಫಿಟ್ಟರ್‌ಗಳು (ಬೂಟನ್ನು ಕಾಲಿಗೆ ಹೊಂದಿಸಿಕೊಡುವವರು) ಮತ್ತು ಒಂದು ಸೇರು ಅಕ್ಕಿ ಬೇಕಾಯಿತು. ಅಕ್ಕಿಯ ಕಥೆ ಆಮೇಲೆ.

ನಾನಿರುವುದು ಸಿಯಾಟಲ್ ಹತ್ತಿರ. ಇಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಅಂದರೆ ಲಿಫ್ಟ್ ಇಲ್ಲ, ಟಿಕೆಟ್ ಇಲ್ಲ. ಸ್ಕೀ ಅಡಿಗೆ ಸ್ಕಿನ್, ಅಂದರೆ ಹಿಂದಕ್ಕೆ ಜಾರದ ಹಾಗೆ ಹಿಡಿಯುವ ಪಟ್ಟಿ, ಅಂಟಿಸಿಕೊಂಡು ಬೆಳಗ್ಗೆ ಪೂರ್ತಿ ಹತ್ತುವುದು, ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಇಳಿದುಬಿಡುವುದು. ಹತ್ತುವಾಗ ಹಿಮ್ಮಡಿ ಬಿಟ್ಟಿರುತ್ತದೆ, ಬೂಟಿನ ತುದಿಯನ್ನು ಮಾತ್ರ ಎರಡು ಪಿನ್ ಹಿಡಿದಿರುತ್ತವೆ. ಅಂದರೆ ದಿನದ ಮುಕ್ಕಾಲು ಪಾಲು ನೀವು ಮಾಡುವುದು ನಡಿಗೆ, ಸ್ಕೀಯಿಂಗ್ ಅಲ್ಲ. ಇದು ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ನಾಲ್ಕು ಬಕಲ್‌ನ ದಪ್ಪ ಬೂಟು ಎಳೆದುಕೊಂಡು ಹತ್ತುತ್ತಿದ್ದೆ. ಅಡುಗೆಮನೆ ತಕ್ಕಡಿಯಲ್ಲಿಟ್ಟು ನೋಡಿದಾಗ ಅದು ಒಂದೊಂದೂ 1,480 ಗ್ರಾಂ ತೂಗಿತು. ಎಫ್1 ಎಲ್‌ಟಿ 27ರ ಸೈಜಿನಲ್ಲಿ 990 ಗ್ರಾಂ ಅಂತ ಕಂಪನಿ ಹೇಳುತ್ತದೆ. ನನ್ನದು 26.5, ಅದೇ ತಕ್ಕಡಿಯಲ್ಲಿ 978 ಬಂತು. ಒಂದು ಕಾಲಿಗೆ ಅರ್ಧ ಕೇಜಿ ಉಳಿತಾಯ.

ಅರ್ಧ ಕೇಜಿ ಏನು ಮಹಾ ಅಂತೀರಾ? ಇಲ್ಲಿನ ಮೌಂಟ್ ರೈನಿಯರ್ ಪರ್ವತದ ಪ್ಯಾರಡೈಸ್‌ನಿಂದ ಕ್ಯಾಂಪ್ ಮ್ಯೂರ್‌ಗೆ ಹೋಗುವ ದಾರಿ ಲೆಕ್ಕ ಹಾಕಿ ನೋಡಿ. ಪ್ಯಾರಡೈಸ್ ಸುಮಾರು 5,400 ಅಡಿ ಎತ್ತರದಲ್ಲಿದೆ, ಮ್ಯೂರ್ 10,000 ಅಡಿ ದಾಟುತ್ತದೆ. ಒಂದು ಕಡೆಗೆ ಏಳು ಕಿಲೋಮೀಟರ್ ಚಿಲ್ಲರೆ. ಹೆಜ್ಜೆಗೆ 60 ಸೆಂಟಿಮೀಟರ್ ಹಿಡಿದರೂ 12,000 ಹೆಜ್ಜೆ. ಪ್ರತಿ ಹೆಜ್ಜೆಗೂ ಅರ್ಧ ಕೇಜಿ ಅಂದರೆ 6,000 ಕೇಜಿ. ಆರು ಟನ್, ಒಂದು ಲಾರಿ ಲೋಡು! ಸುಮ್ನೆ ಎತ್ತಿ ಎತ್ತಿ ಇಡುತ್ತಿದ್ದೆ. ಸ್ಕಿನ್ ಹಾಕಿದ ಸ್ಕೀಯನ್ನು ಎತ್ತುವುದಿಲ್ಲ, ಜಾರಿಸುತ್ತೇವೆ, ಹಾಗಾಗಿ ಲೆಕ್ಕ ಅಷ್ಟು ನಿಖರ ಅಲ್ಲ, ಒಪ್ಪುತ್ತೇನೆ. ಆದರೆ ಸಂಜೆ ಸೊಂಟದ ಮುಂಭಾಗ ಹಿಡಿದುಕೊಳ್ಳುವುದು ಈ ಲಾರಿ ಲೋಡಿಗೇ.

ತೂಕಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ, ಅದನ್ನು ಅಂಗಡಿಯವರು ಜಾಸ್ತಿ ಹೇಳುವುದಿಲ್ಲ. ಕಣಕಾಲು ಹಿಂದೆ ಮುಂದೆ ಎಷ್ಟು ಓಲಾಡುತ್ತದೆ ಅನ್ನುವುದು. ಹಿಂಭಾಗದ ಲಿವರ್ ಎತ್ತಿದರೆ ಈ ಬೂಟಿನ ಕಫ್, ಅಂದರೆ ಕಣಕಾಲನ್ನು ಸುತ್ತುವ ಮೇಲ್ಭಾಗ, 72 ಡಿಗ್ರಿಯಷ್ಟು ಆಡುತ್ತದೆ. ಹಳೆಯ ಬೂಟಿನಲ್ಲಿ ಕಾಲು ಮುಂದಕ್ಕೆ ಬಾಗುತ್ತಿತ್ತು, ಹಿಂದಕ್ಕೆ ಮಾತ್ರ ಗೋಡೆ ಅಡ್ಡ ಬಂದ ಹಾಗೆ ನಿಂತುಬಿಡುತ್ತಿತ್ತು. ಸಮತಟ್ಟು ಜಾಗದಲ್ಲಿ ಉದ್ದ ಹೆಜ್ಜೆ ಹಾಕಲು ಬೇಕಾಗುವುದು ಆ ಹಿಂದಿನ ಓಲಾಟವೇ. ಅಂಗಡಿಯಲ್ಲಿ ಬೂಟು ನೋಡುವಾಗ ತೂಕದ ಚೀಟಿ ಓದುವ ಮುಂಚೆ ಲಿವರ್ ಎತ್ತಿ, ಕೌಂಟರ್ ಮೇಲಿಟ್ಟು, ಕಫ್ ಅನ್ನು ಎರಡು ಬೆರಳಲ್ಲಿ ಹಿಂದೆ ಮುಂದೆ ತಳ್ಳಿ. ಎಲ್ಲಿ ಹಿಡಿಯುತ್ತದೆ ಅಂತ ಕೈಗೇ ಗೊತ್ತಾಗುತ್ತದೆ.

ಈಗ ಕಾಲಿನ ವಿಷಯ. ನಾನು ಹಾಸನದ ಕಡೆಯವನು, ಹೈಸ್ಕೂಲು ಮುಗಿಯುವ ತನಕ ಹವಾಯಿ ಚಪ್ಪಲಿ, ಇಲ್ಲದಿದ್ದರೆ ಬರಿಗಾಲು. ಬೆರಳುಗಳು ಬೀಸಣಿಗೆ ಥರ ಹರಡಿಕೊಂಡಿವೆ, ಹಿಮ್ಮಡಿ ಮಾತ್ರ ಸಣ್ಣದು. ನಮ್ಮಲ್ಲಿ ತುಂಬಾ ಜನರ ಪಾದ ಹೀಗೇ ಅನ್ನುವುದು ನನ್ನ ಅಂದಾಜು, ದೇವಸ್ಥಾನದ ಬಾಗಿಲಲ್ಲಿ ನಿಂತು ನೋಡಿದ ಅಂದಾಜು ಅಷ್ಟೆ. ಇಂಥ ಪಾದವನ್ನು ಇಟಲಿಯ ಅಚ್ಚಿಗೆ ತುರುಕಿದರೆ ಕಿರುಬೆರಳು ಕೂಗುತ್ತದೆ, ಅದು ಬೂಟಿನ ತಪ್ಪಲ್ಲ. ಆದರೆ ಅಂಗಡಿಯವರು ಇದಕ್ಕೆ ಕೊಡುವ ಸುಲಭದ ಪರಿಹಾರ ಇದೆಯಲ್ಲ, "ಒಂದು ಸೈಜು ದೊಡ್ಡದು ತಗೊಳ್ಳಿ", ಅದನ್ನು ದಯವಿಟ್ಟು ಕೇಳಬೇಡಿ. ನನ್ನ ಹಳೆಯ ಬೂಟು 27.5. ಮುಂದೆ ಹಾಯಾಗಿತ್ತು, ಹಿಂದೆ ಹಿಮ್ಮಡಿ ಒರಳಲ್ಲಿ ಒನಕೆ ಆಡಿದ ಹಾಗೆ ಆಡುತ್ತಿತ್ತು. ಪ್ರತಿ ಟೂರಿಗೂ ಎರಡು ಬೊಬ್ಬೆ ಗ್ಯಾರಂಟಿ.

ಸರಿಯಾದ ದಾರಿ ಶೆಲ್ ಫಿಟ್, ಅಂದರೆ ಬೂಟಿನ ಹೊರಗಿನ ಗಟ್ಟಿ ಚಿಪ್ಪಿನಲ್ಲೇ ಕಾಲಿಟ್ಟು ಅಳೆಯುವುದು. ಸ್ಕೀ ಬೂಟಿನ ಸೈಜು ಮಾಂಡೋ ಲೆಕ್ಕದಲ್ಲಿರುತ್ತದೆ, ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. ಸಂಜೆ ಹೊತ್ತು ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆದುಕೊಳ್ಳಿ. ನನ್ನದು ಎಡ 26.3, ಬಲ 26. ಆಮೇಲೆ ಲೈನರ್ (ಒಳಗಿನ ಮೆತ್ತನೆಯ ಬೂಟು) ಹೊರಗೆ ತೆಗೆದು, ಖಾಲಿ ಶೆಲ್ಲಿನಲ್ಲಿ ಬರಿಗಾಲಿಟ್ಟು, ಬೆರಳು ಮುಂದೆ ತಾಗುವವರೆಗೆ ಸರಿದು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಇದೆ ನೋಡಿ. ಒಂದು ಬೆರಳು, ಅಂದರೆ ಒಂದೂಕಾಲು ಒಂದೂವರೆ ಸೆಂಟಿಮೀಟರ್ ಇದ್ದರೆ ಸರಿ. ಎರಡು ಸೆಂಟಿಮೀಟರ್ ದಾಟಿದರೆ ಆ ಬೂಟು ನಿಮ್ಮದಲ್ಲ, ಎಷ್ಟೇ ಹಗುರ ಇರಲಿ, ಎಷ್ಟೇ ಸೇಲ್ ಇರಲಿ. ಉದ್ದ ಸರಿಯಿದ್ದು ಅಗಲ ಕಮ್ಮಿಯಾದರೆ ಅಗಲ ಮಾಡಿಸಬಹುದು. ಉದ್ದ ಜಾಸ್ತಿ ಇರುವ ಶೆಲ್ಲನ್ನು ಯಾರೂ ಕುಗ್ಗಿಸಿ ಕೊಡುವುದಿಲ್ಲ. ಅರ್ಧ ಸೈಜಿನ ಮೇಲೂ ತಲೆ ಕೆಡಿಸಿಕೊಳ್ಳಬೇಡಿ, ಎಷ್ಟೋ ಬೂಟುಗಳಲ್ಲಿ ಎರಡು ಸೈಜಿಗೆ ಶೆಲ್ ಒಂದೇ, ಒಳಗಿನದು ಮಾತ್ರ ಬೇರೆ.

ಅಟಾಮಿಕ್ ಕಂಪನಿಯ ಬ್ಯಾಕ್‌ಲ್ಯಾಂಡ್ ಬೂಟು ಕೂಡ ಹಾಕಿ ನೋಡಿದೆ. ಅದರ ಶೆಲ್ಲನ್ನೇ ಒಲೆಯಲ್ಲಿ ಬಿಸಿ ಮಾಡಿ ಕಾಲಿಗೆ ತಕ್ಕ ಹಾಗೆ ಹಿಗ್ಗಿಸುವ ವ್ಯವಸ್ಥೆ ಇದೆ, ಅಗಲ ಪಾದದವರಿಗೆ ಅದು ನಿಜಕ್ಕೂ ಒಳ್ಳೆಯ ಆಯ್ಕೆ. ನಾನು ಬಿಟ್ಟಿದ್ದು ಹಿಮ್ಮಡಿಗಾಗಿ. ಎಫ್1 ಎಲ್‌ಟಿಯಲ್ಲಿ ಹಿಮ್ಮಡಿ ಹಿಡಿದು ಕೂರಿಸಿದ ಹಾಗೆ ಕೂತಿತು, ಮುಂದಿನದನ್ನು ನೋಡಿಕೊಳ್ಳೋಣ ಅಂತ ತಗೊಂಡೆ.

ಮುಂದಿನದು ನೋಡಿಕೊಳ್ಳಲು ಹೋಗಿ ಬೆಪ್ಪಾದೆ. ಈ ಬೂಟಿನ ಶೆಲ್ ಕಾರ್ಬನ್ ಬೆರೆಸಿದ ಗ್ರಿಲಮಿಡ್, ಅಂದರೆ ಒಂದು ಜಾತಿಯ ನೈಲಾನ್. ರೆಸಾರ್ಟ್ ಬೂಟುಗಳ ಪ್ಲಾಸ್ಟಿಕ್ ಬಿಸಿ ಮಾಡಿದರೆ ಹಿಟ್ಟಿನ ಹಾಗೆ ನಿಧಾನವಾಗಿ ಬಗ್ಗುತ್ತದೆ. ಗ್ರಿಲಮಿಡ್ ಹಾಗಲ್ಲ. ಸುಮಾರು 178 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದಕ್ಕೆ ಸ್ವಲ್ಪ ಮುಂಚಿನವರೆಗೂ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಬಗ್ಗಿಸಿದರೂ ಹಳೇ ಆಕಾರಕ್ಕೆ ಮರಳುವ ಚಾಳಿ. ನಾನು ಮೊದಲು ಹೋದ ಅಂಗಡಿಯಲ್ಲಿ, ಹೆಸರು ಬೇಡ, ಒಬ್ಬ ಹುಡುಗ ಹೀಟ್ ಗನ್ ಹಿಡಿದು ಇಪ್ಪತ್ತೇ ನಿಮಿಷದಲ್ಲಿ ಕೆಲಸ ಮುಗಿಸಿ ಕೊಟ್ಟ. ಹಾಕಿ ನೋಡಿದರೆ ಸ್ವರ್ಗ. ಒಂದು ವಾರದಲ್ಲಿ ಉಬ್ಬು ವಾಪಸ್ ಒಳಗೆ ಹೋಗಿತ್ತು, ಹೊರಗಡೆ ಮಾತ್ರ ಸೀದ ಹಪ್ಪಳದ ಹಾಗೆ ಸುಕ್ಕು ಉಳಿದುಕೊಂಡಿತ್ತು. ದುಡ್ಡು ಹೋಯಿತು. ಜಗಳ ಆಡಲಿಲ್ಲ, ಆಡಬೇಕಿತ್ತು.

ಎರಡನೆಯ ಫಿಟ್ಟರ್ ಸ್ವಲ್ಪ ವಯಸ್ಸಾದವರು, ಮಾತು ಕಮ್ಮಿ. ಅವರು ಮಾಡಿದ ಮೊದಲ ಕೆಲಸ, ನನ್ನ ಕಿರುಬೆರಳಿನ ಬುಡದ ಮೂಳೆಗೆ ಲಿಪ್‌ಸ್ಟಿಕ್ ಹಚ್ಚಿ ಖಾಲಿ ಶೆಲ್ಲಿನಲ್ಲಿ ಕಾಲಿಡಿಸಿದ್ದು. ಗುರುತು ಬಿದ್ದ ಜಾಗ ಮೊದಲ ಅಂಗಡಿಯವನು ಉಬ್ಬಿಸಿದ ಜಾಗಕ್ಕಿಂತ ಒಂದು ಸೆಂಟಿಮೀಟರ್ ಹಿಂದೆ! ಆಮೇಲೆ ನಿಧಾನವಾಗಿ ಬಿಸಿ ಮಾಡಿ, ಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಜಾಸ್ತಿಯೇ ಹೊರಗೆ ತಳ್ಳಿ, ಪ್ರೆಸ್ ಬಿಚ್ಚದೆ ರಾತ್ರಿಯಿಡೀ ತಣ್ಣಗಾಗಲು ಬಿಟ್ಟರು. ಮರಳುವಷ್ಟು ಮರಳಿ ಸರಿಯಾದ ಜಾಗದಲ್ಲಿ ನಿಂತಿತು. ನಿಮ್ಮೂರಿನ ಫಿಟ್ಟರ್‌ಗೆ ಒಂದೇ ಪ್ರಶ್ನೆ ಕೇಳಿ, "ಗ್ರಿಲಮಿಡ್ ಪಂಚ್ ಮಾಡಿ (ಹೀಗೆ ಹೊರಗೆ ಉಬ್ಬಿಸಿ) ಎಷ್ಟು ಹೊತ್ತು ಪ್ರೆಸ್‌ನಲ್ಲಿ ಬಿಡುತ್ತೀರಿ?" ಕಾಯುತ್ತಾ ಕೂತಿರಿ ಅಂದರೆ ಎದ್ದು ಬನ್ನಿ.

ಇನ್ನು ಅಕ್ಕಿ. ಲೈನರ್ ಬಿಸಿಗೆ ಮೆತ್ತಗಾಗುವ ಫೋಮ್, ಅಂಗಡಿಯಲ್ಲಿ ಬಿಸಿಗಾಳಿ ಊದಿ ಕಾಲಿನ ಅಚ್ಚು ತೆಗೆಯುತ್ತಾರೆ. ಮನೆಯಲ್ಲೂ ಮಾಡಬಹುದು. ಉದ್ದ ಕಾಲುಚೀಲಕ್ಕೆ ಹಸಿ ಅಕ್ಕಿ ತುಂಬಿ, ಗಂಟು ಹಾಕಿ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ, ಲೈನರ್ ಒಳಗೆ ಇಳಿಸಿ ಹತ್ತು ನಿಮಿಷ ಬಿಡುವುದು. ಇಲ್ಲಿನವರು ಎಷ್ಟೋ ವರ್ಷದಿಂದ ಹೀಗೆ ಮಾಡುತ್ತಾರೆ. ನಾನು ಸೋನಾ ಮಸೂರಿ ತುಂಬಿದೆ. ಮನೆಯೆಲ್ಲ ಹುರಿದಕ್ಕಿ ವಾಸನೆ. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ "ಅದೇನೋ ಅದು, ಕಾಲುಚೀಲದಲ್ಲಿ ಅಕ್ಕಿ!" ಅಂತ ಒಂದು ಕ್ಷಣ ಸುಮ್ಮನಾದರು. ಆ ಅಕ್ಕಿ ತಿನ್ನಲಿಲ್ಲ, ಡಬ್ಬಿಗೆ ಹಾಕಿ "ಬೂಟು" ಅಂತ ಬರೆದಿಟ್ಟಿದ್ದೇನೆ.

ಅಚ್ಚು ತೆಗೆಯುವ ಮುಂಚೆ ಮಾಡುವ ತಯಾರಿಯಲ್ಲೇ ಎಲ್ಲ ಇರುವುದು. ಬೆರಳ ತುದಿಗೆ ಫೋಮಿನ ಟೋಪಿ, ಕಿರುಬೆರಳ ಮೂಳೆಗೆ ಒಂದು ತುಂಡು ಫೋಮ್ ಅಂಟಿಸಿ, ಮೇಲೆ ತೆಳು ಕಾಲುಚೀಲ. ಅಷ್ಟು ಜಾಗ ಆಮೇಲೆ ಒಳಗೆ ಉಳಿಯುತ್ತದೆ. ಬೂಟಿನೊಳಗೆ ಕಾಲಿಟ್ಟ ಕೂಡಲೇ ಬೆರಳ ಕಡೆ ಒಂದು ಹಲಗೆ ಕೊಟ್ಟು ಎತ್ತರಿಸಿ ನಿಂತರೆ ಹಿಮ್ಮಡಿ ಹಿಂದಕ್ಕೆ ಕೂರುತ್ತದೆ. ತಣ್ಣಗಾಗುವ ತನಕ ಅಲ್ಲಾಡಬಾರದು. ಮತ್ತೆ, ಬೂಟಿನ ಜೊತೆ ಬರುವ ತೆಳ್ಳನೆಯ ಹಾಸನ್ನು ಮೊದಲೇ ಕಿತ್ತೆಸೆದು ಪಾದಕ್ಕೆ ಆಧಾರ ಕೊಡುವ ಒಳ್ಳೆಯ ಒಳಹಾಸು, ಅಂದರೆ ಫುಟ್‌ಬೆಡ್, ಕತ್ತರಿಸಿ ಹಾಕಿ, ಆಮೇಲೆ ಅಚ್ಚು ತೆಗೆಯಿರಿ. ನಾನು ಉಲ್ಟಾ ಮಾಡಿ ಎರಡು ಸಲ ಅಕ್ಕಿ ಹುರಿದೆ.

ಬೇರೆ ರಿಪೇರಿಗಳು ಸಣ್ಣವು. ಹರಡಿನ ಮೂಳೆ ಕೆಳಗೆ ಲೈನರ್‌ನ ಹೊರಗಡೆ ಎಲ್ ಆಕಾರದ ಫೋಮ್ ಪಟ್ಟಿ ಅಂಟಿಸಿದೆ, ಹಿಮ್ಮಡಿ ಇನ್ನಷ್ಟು ಗಟ್ಟಿಯಾಯಿತು. ಮೇಲಿನ ಪಟ್ಟಿ ತೆಗೆದು ಎಲಾಸ್ಟಿಕ್ ಇರುವುದನ್ನು ಹಾಕಿದೆ. ತೂಕ 40 ಗ್ರಾಂ ಜಾಸ್ತಿಯಾಯಿತು, ಆದರೆ ಇಳಿಯುವಾಗ ಮೊಣಕಾಲ ಕೆಳಗಿನ ಮೂಳೆಗೆ ಏಟು ಬೀಳುವುದು ನಿಂತಿತು. ಹಗುರ ಬೂಟುಗಳ ಸ್ಕ್ರೂ ಸಡಿಲವಾಗುವುದು ಮಾಮೂಲು, ಒಂದೊಂದಕ್ಕೂ ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೇ ಹನಿ, ಲೋಹದ ಎಳೆಗೆ ಮಾತ್ರ. ಕೆಂಪು ಹಾಕಿದರೆ ಮುಂದೆ ಬಿಚ್ಚಲು ನೀವೇ ಪರದಾಡುತ್ತೀರಿ. ಗ್ರಾಂ ಉಳಿಸಲು ಶೆಲ್ಲಿಗೆ ತೂತು ಕೊರೆಯುವುದು, ಲೈನರ್ ನಾಲಗೆ ಕತ್ತರಿಸುವುದು ಇವೆಲ್ಲ ಬೇಡ. ಹಳೆಯ ಬೂಟಿನ ನಾಲಗೆ ನಾನೇ ಕತ್ತರಿಸಿದ್ದೆ. ಉಳಿದಿದ್ದು 30 ಗ್ರಾಂ, ಆಮೇಲೆ ಹದಿನೈದು ದಿನ ಮೆಟ್ಟಿಲು ಇಳಿಯುವಾಗಲೂ ನೋವು.

ಇಳಿಯುವುದು ಹೇಗಿದೆ ಅಂತ ಕೇಳುವಿರಿ. ವಸಂತದಲ್ಲಿ, ಬಿಸಿಲಿಗೆ ಮೇಲ್ಪದರ ಮೆತ್ತಗಾದ ಹಿಮದಲ್ಲಿ, ಬೆಣ್ಣೆ. ಜನವರಿಯಲ್ಲಿ ಸ್ನೋಕ್ವಾಲ್ಮಿ ಕಡೆ ಬೀಳುವ ಒದ್ದೆ ಭಾರದ ಹಿಮ, ಇಲ್ಲಿನವರು ಕ್ಯಾಸ್ಕೇಡ್ ಕಾಂಕ್ರೀಟ್ ಅಂತಲೇ ಕರೆಯುತ್ತಾರೆ, ಅದರಲ್ಲಿ ಅಗಲ ಸ್ಕೀ ಹಾಕಿದರೆ ಸ್ಕೀ ಹೇಳಿದ ಕಡೆ ನೀವು ಹೋಗಬೇಕು. 85 ಮಿಲಿಮೀಟರ್ ಅಗಲದ ಸ್ಕೀ ಜೊತೆ ನನಗೆ ಸಾಕಾಗಿದೆ. ಲೈನರ್ ತೆಳು, ನಡೆಯುತ್ತಿದ್ದರೆ ಚಳಿ ಗೊತ್ತಾಗುವುದಿಲ್ಲ, ನಿಂತು ಬುತ್ತಿ ಬಿಚ್ಚಿದರೆ ಹತ್ತೇ ನಿಮಿಷಕ್ಕೆ ಬೆರಳು ಜೋಮು. ಲಿಫ್ಟ್ ಹತ್ತಿ ಇಳಿಯುವವರು ಇದನ್ನು ಮುಟ್ಟಲೇಬೇಡಿ, ಅಲ್ಲಿನ ಮಾಮೂಲಿ ಬೈಂಡಿಂಗ್‌ಗೆ (ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ) ಇದು ಕೂರುವುದೂ ಇಲ್ಲ. ಗುಲ್ಮಾರ್ಗ್‌ಗೆ ಹೋಗಿ ಗೊಂಡೋಲಾದಲ್ಲೇ ದಿನ ಕಳೆಯುವ ಪ್ಲಾನ್ ಇರುವ ಗೆಳೆಯರಿಗೂ ಇದೇ ಮಾತು. ಮೊನ್ನೆ ಒಬ್ಬ ಮಂಗಳೂರಿನ ಸ್ನೇಹಿತ "ಮಾರಾಯಾ, ಎರಡಕ್ಕೂ ಒಂದೇ ಬೂಟು ಇಲ್ವಾ?" ಅಂದ. ಇದೆ, ಅದು ಒಂದೂವರೆ ಕೇಜಿ.

ಒಂದು ಖರ್ಚು ಯಾರೂ ಮೊದಲೇ ಹೇಳುವುದಿಲ್ಲ. ಬೂಟು ಬದಲಾದರೆ ತಳದ ಉದ್ದ ಬದಲಾಗುತ್ತದೆ, ಪಿನ್ ಬೈಂಡಿಂಗ್‌ನ ಹಿಂಭಾಗವನ್ನು ಸರಿಸಬೇಕು. ಸರಿಸಲು ಜಾಗವೇ ಇಲ್ಲದ ಹಗುರ ಬೈಂಡಿಂಗ್ ಇದ್ದರೆ ಸ್ಕೀಗೆ ಹೊಸ ತೂತು ಕೊರೆಯಬೇಕು. ಹಾಗಾಗಿ ಸ್ಕೀಯನ್ನೂ ಅಂಗಡಿಗೆ ಹೊತ್ತುಕೊಂಡೇ ಹೋಗಿ.

ಎಡಗಾಲಿನ ಕಿರುಬೆರಳು ಐದು ಗಂಟೆ ದಾಟಿದರೆ ಈಗಲೂ ಸ್ವಲ್ಪ ಚುರ್ ಅನ್ನುತ್ತದೆ. ಇನ್ನೊಂದು ಮಿಲಿಮೀಟರ್ ಬೇಕು. ಗುರುವಾರ ಮತ್ತೆ ಆ ಅಜ್ಜನ ಹತ್ತಿರ ಹೋಗುತ್ತಿದ್ದೇನೆ, ಬೂಟು ರಾತ್ರಿ ಅಲ್ಲೇ ಬಿಟ್ಟು ಬರಬೇಕು.